ನಂಜಿಕೊಳ್ಳೋಕೆ ಏನೈತೆ?

ಬಿಸಿ ರೊಟ್ಟಿ ತಟ್ಟೆಗೆ ಬಿದ್ದ ಕೂಡಲೇ ನಮ್ಮಪ್ಪ ಕೇಳುತ್ತಿದ್ದದ್ದು ಒಂದೇ ಮಾತು. "ನಂಜಿಕೊಳ್ಳೋಕೆ ಏನೈತೆ?" ಪಲ್ಯ ಇರಲಿ, ಸಾರು ಇರಲಿ, ಆ ಪ್ರಶ್ನೆ ಮಾತ್ರ ತಪ್ಪುತ್ತಿರಲಿಲ್ಲ. ತಟ್ಟೆಯ ಮೂಲೆಯಲ್ಲಿ ಚಿಟಿಕೆಯಷ್ಟಾದರೂ ಏನಾದರೂ ಇರಬೇಕು. ಶೇಂಗಾ ಚಟ್ನಿಪುಡಿಗೆ ಮೊಸರು, ಗುರೆಳ್ಳು ಪುಡಿಗೆ ಎಣ್ಣೆ, ಇಲ್ಲಾಂದ್ರೆ ಹಸಿಮೆಣಸಿನಕಾಯಿ ಖಾರ. ಅದೂ ಇಲ್ಲದ ದಿನ ಉಪ್ಪು, ಕೆಂಪು ಖಾರದಪುಡಿ, ನಾಲ್ಕು ಹನಿ ಎಣ್ಣೆ. ಬೆರಳಲ್ಲಿ ಕಲಸಿಕೊಂಡು, ರೊಟ್ಟಿ ತುಂಡಿನ ತುದಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು.

ಈಗ ಅದೇ ಪ್ರಶ್ನೆಯನ್ನು ನನ್ನ ಮಗ ಕೇಳುತ್ತಾನೆ. ಅವನ ಬಾಯಲ್ಲಿ ಅದು "ಅಮ್ಮಾ, ಡಿಪ್ ಏನಿದೆ?" ಆಗಿದೆ.

ಹೋದ ವರ್ಷದ ತನಕ ಇದಕ್ಕೆ ಉತ್ತರ ಫ್ರಿಜ್ಜಿನ ಬಾಗಿಲಲ್ಲೇ ಇರುತ್ತಿತ್ತು. ಮಯೊನೀಸ್ ಪೊಟ್ಟಣ. ಹತ್ತನೇ ಕ್ಲಾಸಿನ ಹುಡುಗ, ಟ್ಯೂಷನ್ ಮುಗಿಸಿ ಹಸಿದು ಬರುತ್ತಾನೆ. ಬ್ರೆಡ್ಡಿಗೆ ಅದು, ಚಪಾತಿಗೆ ಅದು, ಒಂದು ದಿನ ನೋಡಿದರೆ ಉಪ್ಪಿಟ್ಟಿಗೂ ಅದು! ಉಪ್ಪಿಟ್ಟಿನ ಮೇಲೆ ಬಿಳಿ ಗೆರೆ ಎಳೆದುಕೊಂಡು ತಿನ್ನುತ್ತಿದ್ದವನನ್ನು ನೋಡಿ ನಮ್ಮವ್ವ, "ಇದೇನು ಹುಡುಗಾ, ಹಲ್ಲುಜ್ಜೋದು ಹಾಕ್ಕೊಂಡಿದೀಯಾ?" ಅಂದಳು.

ಅವತ್ತು ಪೊಟ್ಟಣ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದೆ. ಚಾಳೀಸು ಹಾಕಿಕೊಂಡೇ ಓದಬೇಕಾಯಿತು. ಯಾವುದು ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಎಂಬ ನಿಯಮ ಇದೆ. ಇದರಲ್ಲಿ ಮೊದಲ ಹೆಸರೇ ಎಣ್ಣೆ. ಆಮೇಲೆ ನೀರು, ಸಕ್ಕರೆ, ಉಪ್ಪು, ಗಂಜಿ ಪದಾರ್ಥ, ಗಟ್ಟಿ ಮಾಡುವ ಅಂಟು. ಅಸಲಿ ಮಯೊನೀಸ್ ಕೂಡ ಮುಕ್ಕಾಲು ಪಾಲು ಎಣ್ಣೆಯೇ. ಮೊಟ್ಟೆಯ ಹಳದಿ ಭಾಗ ಆ ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಹಿಡಿದು ನಿಲ್ಲಿಸುತ್ತದೆ, ಅದಕ್ಕೇ ಬಾಯಲ್ಲಿ ಅಷ್ಟು ನುಣುಪು. ಒಂದು ದೊಡ್ಡ ಚಮಚಕ್ಕೆ ಹತ್ತಿರ ಹತ್ತಿರ 100 ಕ್ಯಾಲೊರಿ. ನಮ್ಮ ಹುಡುಗ ಚಮಚದ ಲೆಕ್ಕದಲ್ಲಿ ತಿನ್ನುವವನಲ್ಲ ಬಿಡಿ.

ಮೊಟ್ಟೆಯ ಮಯೊನೀಸಿಗೆ ಇನ್ನೊಂದು ತಾಪತ್ರಯ ಇದೆ. ಅದರಲ್ಲಿ ಹಸಿ ಮೊಟ್ಟೆ ಹಾಕಿದ್ದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯ. 2024ರ ಅಕ್ಟೋಬರಿನಲ್ಲಿ ತೆಲಂಗಾಣ, 2025ರ ಏಪ್ರಿಲ್‌ನಲ್ಲಿ ತಮಿಳುನಾಡು ಹಸಿ ಮೊಟ್ಟೆಯ ಮಯೊನೀಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದ್ದು ಅದಕ್ಕೇ. ನಮ್ಮ ಬೇಸಿಗೆಯಲ್ಲಿ ತಳ್ಳುಗಾಡಿಯ ಮೇಲೆ ಬಿಸಿಲು ಕಾಯುತ್ತಾ ಕೂತ ಬಿಳಿ ಡಬ್ಬಿ ಕಂಡರೆ ನಾನಂತೂ ಆ ಕಡೆ ಹೋಗಲ್ಲ.

ಸರಿ, ಮನೆಯಲ್ಲೇ ಮಾಡೋಣ ಅಂತ ಹೊರಟೆ. ಮೊದಲ ಸಲ ಅರ್ಧ ಲೀಟರ್ ಮೊಸರನ್ನು ಅಪ್ಪನ ಹಳೆ ಪಂಚೆಯ ತುಂಡಿನಲ್ಲಿ ಕಟ್ಟಿ, ಸಿಂಕಿನ ನಲ್ಲಿಗೆ ನೇತುಹಾಕಿ ಮಲಗಿದೆ. ಮಾರ್ಚ್ ತಿಂಗಳು. ದಾವಣಗೆರೆ ಸೆಕೆ ಗೊತ್ತಲ್ವಾ? ಬೆಳಗ್ಗೆ ಎದ್ದರೆ ಅಡುಗೆಮನೆ ತುಂಬ ಹುಳಿ ವಾಸನೆ. ನಾಲಿಗೆಗೆ ಇಟ್ಟರೆ ಹಲ್ಲು ಜುಂ ಅಂದಿತು. ಎರಡನೇ ಸಲ ಬುದ್ಧಿ ಬಂತು. ಜರಡಿಯ ಮೇಲೆ ಬಟ್ಟೆ ಹಾಸಿ, ಮೊಸರು ಸುರಿದು, ಕೆಳಗೆ ಪಾತ್ರೆ ಇಟ್ಟು, ಇಡೀ ಅದನ್ನೇ ಫ್ರಿಜ್ಜಿನೊಳಗೆ ತಳ್ಳಿದೆ. ಬೆಳಗ್ಗೆ ಹೊತ್ತಿಗೆ ಸುಮಾರು 200 ಗ್ರಾಂ ಗಟ್ಟಿ ಮೊಸರು, ಕೆಳಗೆ ತಿಳಿಹಸಿರು ಬಣ್ಣದ ನೀರು. ಆ ನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲಸಿದರೆ ಮೆತ್ತಗಿರುತ್ತದೆ.

ಆ ಗಟ್ಟಿ ಮೊಸರಿಗೆ ಅರ್ಧ ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಒಂದು ಚಿಟಿಕೆ ಸಾಸಿವೆ ಪುಡಿ, ಕಾಳುಮೆಣಸು, ಉಪ್ಪು, ಒಂದು ಚಮಚ ಶೇಂಗಾ ಎಣ್ಣೆ, ಎರಡು ಹನಿ ಲಿಂಬೆಹಣ್ಣು. ಸಾಸಿವೆ ಮರೆಯಬೇಡಿ, ಆ ಮೂಗಿಗೆ ಹೊಡೆಯುವ ಘಾಟು ಬರುವುದು ಅದರಿಂದಲೇ. ಒಟ್ಟು ಖರ್ಚು 40 ರೂಪಾಯಿ ದಾಟಲಿಲ್ಲ. ಎಣ್ಣೆ ಮುಕ್ಕಾಲು ಪಾಲಿನಿಂದ ಒಂದು ಚಮಚಕ್ಕೆ ಇಳಿದಿತ್ತು. ಖುಷಿಯಿಂದ ಮಗನ ಮುಂದೆ ಇಟ್ಟು, "ತಗೋ, ಮನೆ ಮಯೊನೀಸ್" ಅಂದೆ.

ಅವನು ಒಂದು ಸಲ ಹಚ್ಚಿಕೊಂಡು ನೆಕ್ಕಿದ. "ಅಮ್ಮಾ, ಇದು ಮೊಸರುಬಜ್ಜಿ. ಸುಮ್ನೆ ಮಯೊನೀಸ್ ಅಂತ ಸುಳ್ಳು ಹೇಳಬೇಡ."

ನನಗೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದರೆ ಹುಡುಗ ಹೇಳಿದ್ದು ಸರಿಯಾಗೇ ಇತ್ತು. ನಾನು ಮಾಡಿದ್ದು ಒಳ್ಳೆಯ ಮೊಸರಿನ ಪದಾರ್ಥ. ಅದನ್ನು ಬೇರೆ ಯಾರದೋ ಹೆಸರಿಟ್ಟು ಕೂರಿಸಿದರೆ, ತಿನ್ನುವವನು ಆ ಬೇರೆಯವರನ್ನೇ ಹುಡುಕುತ್ತಾನೆ. ಸಿಗದಿದ್ದರೆ ಮುಖ ಸಿಂಡರಿಸುತ್ತಾನೆ. ಮುಂದಿನ ವಾರ ಅದೇ ಮೊಸರನ್ನು ಏನೂ ಹೇಳದೆ, ಸೌತೆಕಾಯಿ, ಗಜ್ಜರಿ ಮತ್ತು ಮುರಿದ ಖಡಕ್ ರೊಟ್ಟಿ ಜೊತೆ ಟಿವಿ ಮುಂದೆ ಇಟ್ಟೆ. ಕ್ರಿಕೆಟ್ ನಡೀತಿತ್ತು. ಬಟ್ಟಲು ತಳ ಕಂಡಿತು.

ಖಡಕ್ ರೊಟ್ಟಿಯ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ತ್ರಿಕೋನದ ಜೋಳದ ಚಿಪ್ಸ್ ಅಂತ ಮಾರುತ್ತಾರಲ್ಲ, ಎಣ್ಣೆಯಲ್ಲಿ ಕರಿದದ್ದು, ಅದಕ್ಕೆ ನಮ್ಮ ಕಡೆಯ ಖಡಕ್ ಜೋಳದ ರೊಟ್ಟಿಗಿಂತ ಒಳ್ಳೆಯ ಬದಲಿ ಇಲ್ಲ. ಒಂದು ಹನಿ ಎಣ್ಣೆ ಇಲ್ಲ, ತಿಂಗಳುಗಟ್ಟಲೆ ಕೆಡಲ್ಲ, ಮುರಿದರೆ ಪಟ್ ಅನ್ನುತ್ತದೆ.

ಈ ಬದಲಿ ಅನ್ನುವ ಮಾತು ತಲೆಯಲ್ಲಿ ಕೂತ ಮೇಲೆ ನನಗೆ ಅವ್ವನ ಚಟ್ನಿ ನೆನಪಾಗತೊಡಗಿತು.

ನಾವು ಆಗ ದಾವಣಗೆರೆಯ ಕೆ.ಟಿ.ಜೆ. ನಗರದಲ್ಲಿ ಇದ್ದೆವು. ಅಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದ ಕೊನೆಯ ದಿನಗಳು ಅವು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಮಿಲ್ಲು ಬಾಗಿಲು ಹಾಕಿತು. ಆಮೇಲೆ ಅವರು ಒಂದಷ್ಟು ದಿನ ಮಂಡಕ್ಕಿ ಭಟ್ಟಿಗೆ ಹೋದರು, ಒಂದಷ್ಟು ದಿನ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆದರು. ಆ ವರ್ಷಗಳಲ್ಲಿ ನಮ್ಮ ಮನೆಗೆ ತೆಂಗಿನಕಾಯಿ ಬರುತ್ತಿದ್ದದ್ದು ದೇವರಿಗೆ ಒಡೆಯುವ ದಿನ ಮಾತ್ರ. ಅಮಾವಾಸ್ಯೆಗೆ ಒಂದು, ಹಬ್ಬಕ್ಕೆ ಒಂದು.

ಹಾಗಾಗಿ ಅವ್ವನ ಚಟ್ನಿಯಲ್ಲಿ ಕಾಯಿ ಇರುತ್ತಿರಲಿಲ್ಲ. ಒಂದು ಹಿಡಿ ಪುಟಾಣಿ, ಅರ್ಧ ಹಿಡಿ ಹುರಿದ ಶೇಂಗಾ, ನಾಲ್ಕು ಹಸಿಮೆಣಸಿನಕಾಯಿ, ಮೂರು ಎಸಳು ಬೆಳ್ಳುಳ್ಳಿ, ಗೋಲಿಯಷ್ಟು ಹುಣಸೆಹಣ್ಣು, ಕೊತ್ತಂಬರಿ ಸೊಪ್ಪಿನ ಕಡ್ಡಿ. ಎಲೆ ಸಾರಿಗೆ, ಕಡ್ಡಿ ಚಟ್ನಿಗೆ. ಜನ ಹೆಚ್ಚಾದರೆ ಪುಟಾಣಿ ಹೆಚ್ಚಾಗುತ್ತಿರಲಿಲ್ಲ, ನೀರು ಹೆಚ್ಚಾಗುತ್ತಿತ್ತು.

ಈಗ ಕೂತು ನೋಡಿದರೆ ಅವಳ ಲೆಕ್ಕ ಎಷ್ಟು ಚೊಕ್ಕ ಅನ್ನಿಸುತ್ತದೆ. ಚಟ್ನಿಯಲ್ಲಿ ಕಾಯಿ ಮಾಡುವ ಕೆಲಸ ಎರಡು. ಮೈ ಕೊಡುವುದು, ಖಾರದ ಉರಿ ತಗ್ಗಿಸುವುದು. ಪುಟಾಣಿ ನೀರು ಹೀರಿ ಮೈ ಕೊಡುತ್ತದೆ. ಶೇಂಗಾದ ಎಣ್ಣೆಯಂಶ ಖಾರವನ್ನು ಮೆತ್ತಗೆ ಮಾಡುತ್ತದೆ. ಕಾಯಿಯನ್ನು ತೆಗೆದು ಅದರ ಕೆಲಸವನ್ನು ಇಬ್ಬರಿಗೆ ಹಂಚಿದ್ದಳು. ಮೊಸರಿನ ಜೊತೆ ನಾನು ಮಾಡಿದ್ದೂ ಅದನ್ನೇ, ಮೂವತ್ತೈದು ವರ್ಷ ತಡವಾಗಿ.

ಆದರೆ ಅವಳಿಗೆ ಅದು ನಾಚಿಕೆಯ ವಿಷಯವಾಗಿತ್ತು. ಒಂದು ಭಾನುವಾರ ಚನ್ನಗಿರಿ ಕಡೆಯ ಅತ್ತೆ ಹೇಳದೇ ಕೇಳದೇ ಬಂದರು. (ಆಗ ಚನ್ನಗಿರಿ ಶಿವಮೊಗ್ಗ ಜಿಲ್ಲೆ, ನಾವು ಚಿತ್ರದುರ್ಗ ಜಿಲ್ಲೆ. ದಾವಣಗೆರೆಯೇ ಜಿಲ್ಲೆ ಆಗಿದ್ದು 1997ರಲ್ಲಿ.) ಅಡಿಕೆ ತೋಟದವರು, ಮನೆ ಹಿಂದೆಯೇ ತೆಂಗಿನ ಮರ ಇರುವವರು. ದೋಸೆಗೆ ಹಿಟ್ಟಿತ್ತು. ಚಟ್ನಿಗೆ ಕಾಯಿ ಇರಲಿಲ್ಲ. ಅವ್ವ ನನ್ನನ್ನು ಹಿತ್ತಲ ಬಾಗಿಲಿಗೆ ಎಳೆದುಕೊಂಡು ಹೋಗಿ, ಕೈಗೆ ಬಟ್ಟಲು ಕೊಟ್ಟು, ಕಿವಿಯಲ್ಲಿ ಹೇಳಿದಳು. "ಮೂಲೆಮನೆ ದೊಡ್ಡವ್ವನ ಹತ್ರ ಅರ್ಧ ಹೋಳು ಕಾಯಿ ಕಡ ಇಸ್ಕೊಂಬಾ. ನಡುಮನೆ ಕಡೆಯಿಂದ ಬರಬೇಡ."

ಬಟ್ಟಲನ್ನು ಲಂಗದ ಮರೆಯಲ್ಲಿ ಹಿಡಿದುಕೊಂಡು ಬಂದೆ. ಅವತ್ತು ಚಟ್ನಿ ಬೆಳ್ಳಗೆ, ಗಟ್ಟಿಯಾಗಿತ್ತು. ಅತ್ತೆ ಮೂರು ದೋಸೆ ತಿಂದರು, ಊರ ಸುದ್ದಿ ಹೇಳಿದರು, ಚಟ್ನಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಇರಲಿ, ಶೇಂಗಾಕ್ಕೆ ಬರುತ್ತೇನೆ. ಪೀನಟ್ ಬಟರ್ ಡಬ್ಬಿಗೆ ಕೊಡುವ ದುಡ್ಡು ನೋಡಿದರೆ ನಮ್ಮ ಕಡೆಯವರಿಗೆ ನಗು ಬರಬೇಕು. ಪಕ್ಕದ ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಚಿತ್ರದುರ್ಗದ ಬಯಲಿನ ತುಂಬ ಶೇಂಗಾ ಹೊಲ. ಒಳ್ಳೆಯ ಶೇಂಗಾ ಬೀಜ ಅರ್ಧ ಕೆಜಿ ತನ್ನಿ. ಮುಗ್ಗಲು ಹಿಡಿದದ್ದು, ಸುಕ್ಕಾದದ್ದು, ಕಹಿ ಇರುವುದು ಕಂಡರೆ ಎಸೆಯಿರಿ. ಅಲ್ಲಿ ಜಿಪುಣತನ ಬೇಡ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗಲ್ಲ. ಉಳಿದದ್ದನ್ನು ಸಣ್ಣ ಉರಿಯಲ್ಲಿ ಚಟಪಟ ನಿಲ್ಲುವ ತನಕ ಹುರಿದು, ಆರಿಸಿ, ಉಜ್ಜಿ, ಮೊರದಲ್ಲಿ ಸಿಪ್ಪೆ ಹಾರಿಸಿ. ಸ್ವಲ್ಪ ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ.

ಇಲ್ಲಿಂದ ಮುಂದೆ ತಾಳ್ಮೆ ಬೇಕು. ಮೊದಲು ರವೆ ಆಗುತ್ತದೆ. ಆಮೇಲೆ ಹಿಟ್ಟು. ಚಟ್ನಿಪುಡಿ ಮಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸದೆ ಮುಂದುವರಿಸಿದರೆ ಹಿಟ್ಟು ಜಾರಿನ ಗೋಡೆಗೆ ಹತ್ತಿಕೊಂಡು ಮೊಂಡು ಹಿಡಿಯುತ್ತದೆ, ಬ್ಲೇಡು ಖಾಲಿ ತಿರುಗುತ್ತದೆ. ಕೆದಕಿ ಕೆಳಗೆ ತಳ್ಳಬೇಕು, ಮತ್ತೆ ತಿರುಗಿಸಬೇಕು, ಮತ್ತೆ ಕೆದಕಬೇಕು. ಮುದ್ದೆ ಆಗುತ್ತದೆ. ಇನ್ನು ಆಗಲ್ಲ, ನೀರು ಹಾಕೋಣ ಅನ್ನಿಸುವುದು ಇದೇ ಹೊತ್ತಿಗೆ. ಹಾಕಬೇಡಿ, ನೀರು ಬಿದ್ದರೆ ಗಟ್ಟಿ ಹಿಡಿಯುತ್ತದೆ, ಬೇಗ ಕೆಡುತ್ತದೆ ಕೂಡ. ಇನ್ನೆರಡು ನಿಮಿಷಕ್ಕೆ ಮುದ್ದೆಯ ಅಂಚು ಮಿಂಚಲು ಶುರುವಾಗುತ್ತದೆ. ಶೇಂಗಾ ತನ್ನೊಳಗಿನ ಎಣ್ಣೆ ಬಿಡುತ್ತಿದೆ ಅಂತ ಅರ್ಥ. ಆಮೇಲೆ ಇದ್ದಕ್ಕಿದ್ದ ಹಾಗೆ ಇಡೀ ಮುದ್ದೆ ಸಡಿಲಾಗಿ ಜೇನಿನ ಹಾಗೆ ಸುತ್ತುತ್ತದೆ. ನಾನು ಮೊದಲ ಸಲ ಆ ಹಂತಕ್ಕೆ ಬರುವ ಮೊದಲೇ ಮಿಕ್ಸಿ ಬುಸ್ ಅಂತ ನಿಂತುಬಿಟ್ಟಿತು. ಸುಟ್ಟೇ ಹೋಯಿತು ಅಂದುಕೊಂಡೆ. ಮಗ ಬಂದು ಮಿಕ್ಸಿ ಮಗುಚಿ, ಅಡಿಯಲ್ಲಿದ್ದ ಕೆಂಪು ಗುಂಡಿ ಒತ್ತಿದ. ಹನ್ನೆರಡು ವರ್ಷದಿಂದ ಆ ಮಿಕ್ಸಿ ನಮ್ಮ ಮನೆಯಲ್ಲಿದೆ. ಅಲ್ಲೊಂದು ಗುಂಡಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮನೆಯದು ಅಂತ ಹೇಳಿ ಬಟ್ಟಲುಗಟ್ಟಲೆ ತಿನ್ನಬೇಡಿ ಮತ್ತೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ, ನಿಜ. ಜೊತೆಗೆ 550 ದಾಟಿ ಕ್ಯಾಲೊರಿಯೂ ಇದೆ. ವ್ಯತ್ಯಾಸ ಏನಂದ್ರೆ ಇದಕ್ಕೆ ಸಕ್ಕರೆ ಹಾಕಿಲ್ಲ, ಬೇರೆ ಎಣ್ಣೆ ಸೇರಿಸಿಲ್ಲ.

ಹಮ್ಮಸ್ ಮಾತ್ರ ನಮ್ಮ ಮನೆಯಲ್ಲಿ ಮೊದಲ ಸಲಕ್ಕೇ ಗೆದ್ದಿತು. ಅರಬ್ಬರ ಕಡೆಯ ಕಡಲೆ ಚಟ್ನಿ ಅನ್ನಬಹುದು ಅದನ್ನು. ಕಾಬೂಲಿ ಕಡಲೆ ರಾತ್ರಿ ನೆನೆಸಿ, ಚಿಟಿಕೆ ಅಡುಗೆ ಸೋಡಾ ಹಾಕಿ, ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗುವ ಹಾಗೆ ಬೇಯಿಸಬೇಕು. ಅರೆಬೆಂದರೆ ತರಿ ತರಿ. ಅದಕ್ಕೆ ತಾಹಿನಿ ಅಂತ ಒಂದು ಬೇಕು. ಅಂಗಡಿಯಲ್ಲಿ ಸಣ್ಣ ಬಾಟಲಿಗೇ ನೂರಾರು ರೂಪಾಯಿ. ಹೋಗಿ ನೋಡಿದರೆ ಅದು ಬಿಳಿ ಎಳ್ಳು ಅರೆದದ್ದು, ಅಷ್ಟೇ! ಸಂಕ್ರಾಂತಿಗೆ ತಂದ ಎಳ್ಳು ಡಬ್ಬಿಯಲ್ಲೇ ಇತ್ತು. ಕೆಂಪಾಗದ ಹಾಗೆ ಹುರಿದು, ಎರಡು ಚಮಚ ಎಣ್ಣೆ ಬಿಟ್ಟು ಅರೆದೆ. ಆಲಿವ್ ಎಣ್ಣೆಯ ಜಾಗಕ್ಕೆ ಗಾಣದ ಶೇಂಗಾ ಎಣ್ಣೆ. ಲಿಂಬೆಹಣ್ಣು, ಬೆಳ್ಳುಳ್ಳಿ, ಜೀರಿಗೆ. ರುಬ್ಬುವಾಗ ಎರಡು ಐಸ್ ತುಂಡು ಹಾಕಿದರೆ ಬೆಳ್ಳಗೆ, ಹಗುರವಾಗಿ ಬರುತ್ತದೆ. ಮೂರು ನಾಲ್ಕು ದಿನ ಫ್ರಿಜ್ಜಿನಲ್ಲಿ ಇಡಬಹುದು. ಹಸಿ ಬೆಳ್ಳುಳ್ಳಿ ಬಿದ್ದ ಯಾವುದನ್ನೂ ಹೊರಗೆ ಇಟ್ಟು ಮರೆಯಬೇಡಿ.

ಕಡಲೆ ಬೇಯಿಸಿದ ನೀರಿಗೆ ಈಗ ಅಕ್ವಾಫಾಬಾ ಅಂತ ಹೆಸರು ಬಂದಿದೆ. 2015ರಲ್ಲಿ ಇಟ್ಟ ಹೆಸರು. ಚೆನ್ನಾಗಿ ಕಡೆದರೆ ಮೊಟ್ಟೆಯ ಬಿಳಿಯ ಹಾಗೆ ನೊರೆ ಬರುತ್ತದೆ, ಕೇಕಿಗೆ ಹಾಕುತ್ತಾರಂತೆ. ಅವ್ವನಿಗೆ ಹೇಳಿದೆ. "ಕಟ್ಟು ಅನ್ನು" ಅಂದಳು. ಹೌದಲ್ಲ! ಕಾಳು ಬೇಯಿಸಿದ ನೀರನ್ನು ನಮ್ಮಲ್ಲಿ ಯಾರು ಚೆಲ್ಲುತ್ತಾರೆ? ಸಾಯಂಕಾಲಕ್ಕೆ ಅದು ಕಟ್ಟಿನ ಸಾರು ಆಗಿತ್ತು. ಕೇಕಿಗೆ ಮೊಟ್ಟೆಯ ಬದಲು ಬೇಕೆಂದರೆ ನನಗೆ ಅಗಸಿಯೇ ಸುಲಭ. ಒಂದು ದೊಡ್ಡ ಚಮಚ ಅಗಸಿ ಪುಡಿಗೆ ಅದೇ ಚಮಚದಲ್ಲಿ ಮೂರು ಚಮಚ ನೀರು, ಹತ್ತು ನಿಮಿಷ ಬಿಟ್ಟರೆ ಲೋಳೆ. ಒಂದು ಮೊಟ್ಟೆಯ ಕೆಲಸ ಮಾಡುತ್ತದೆ.

ಎಲ್ಲವೂ ಗೆದ್ದಿತು ಅಂದುಕೊಳ್ಳಬೇಡಿ. ಕೆಚಪ್ ವಿಷಯದಲ್ಲಿ ನಾನು ಸೋತಿದ್ದೇನೆ. ಟೊಮೆಟೊ ಅಗ್ಗವಾದಾಗ ಮೂರು ಕೆಜಿ ತಂದು, ಖರ್ಜೂರ ಹಾಕಿ ಕುದಿಸಿ ಕುದಿಸಿ ಒಂದು ಬಾಟಲಿ ಮಾಡಿದೆ. ಒಲೆಯ ಮುಂದೆ ಎರಡು ಗಂಟೆ, ಗೋಡೆ ತುಂಬ ಕೆಂಪು ಚುಕ್ಕೆ. ಚೆನ್ನಾಗೇ ಇತ್ತು, ಆದರೆ ಟೊಮೆಟೊ ಗೊಜ್ಜಾಗಿತ್ತು. ಅಂಗಡಿ ಕೆಚಪ್ಪಿನಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸಕ್ಕರೆ. ಅಷ್ಟು ಸಕ್ಕರೆ ಹಾಕದೆ ಆ ರುಚಿ ಬರಲ್ಲ, ಹಾಕಿದರೆ ಮನೆಯಲ್ಲಿ ಮಾಡಿ ಏನು ಪ್ರಯೋಜನ? ಬೆಲ್ಲ ಹಾಕಿ ಅಂತ ಗೆಳತಿ ಹೇಳಿದಳು. ಬೆಲ್ಲವೂ ಬಹುಪಾಲು ಸಕ್ಕರೆಯೇ ಕಣ್ರೀ. ಬಣ್ಣ ಬೇರೆ, ರುಚಿ ಬೇರೆ, ಶುಗರ್ ಇದ್ದವರಿಗೆ ಎರಡೂ ಒಂದೇ. ಈಗ ನಮ್ಮ ಮನೆಯಲ್ಲಿ ಕೆಚಪ್ ಅಂಗಡಿಯದೇ, ಸಣ್ಣ ಬಾಟಲಿ, ತಿಂಗಳಿಗೊಂದು.

ಬದಲಿ ಹಾಕುವುದು ಈ ಊರಿಗೆ ಹೊಸದೇನೂ ಅಲ್ಲ. ನಮ್ಮ ಬೆಣ್ಣೆದೋಸೆಯ ಕತೆ ಕೇಳಿರಬಹುದು. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬುವರು ಮಕ್ಕಳ ಜೊತೆ ಇಲ್ಲಿಗೆ ಬಂದು ನಾಟಕ ಥಿಯೇಟರಿನ ಹತ್ತಿರ ದೋಸೆ ಹಾಕಲು ಶುರು ಮಾಡಿದರು ಅಂತ ಹೇಳುತ್ತಾರೆ. ಮೊದಲು ಮಾಡುತ್ತಿದ್ದದ್ದು ರಾಗಿ ಹಿಟ್ಟಿನ ದೋಸೆಯಂತೆ. ಅಕ್ಕಿ, ಉದ್ದು, ಮಂಡಕ್ಕಿ ಬಂದದ್ದು ಮಕ್ಕಳ ಕಾಲಕ್ಕೆ. ಇವತ್ತು ಯಾರಾದರೂ ರಾಗಿ ದೋಸೆಯನ್ನು ಹೊಸ ಆರೋಗ್ಯದ ತಿಂಡಿ ಅಂತ ಹೇಳಿದರೆ ನನಗೆ ಆ ಕತೆ ನೆನಪಾಗಿ ನಗು ಬರುತ್ತದೆ. ಹಾಗಂತ ಬೆಣ್ಣೆದೋಸೆಯಲ್ಲಿ ಬೆಣ್ಣೆಯ ಬದಲು ಏನು ಹಾಕಬಹುದು ಅಂತ ಮಾತ್ರ ನನ್ನನ್ನು ಕೇಳಬೇಡಿ. ಅದನ್ನು ತಿಂಗಳಿಗೊಮ್ಮೆ ತಿನ್ನಿ, ಬೆಣ್ಣೆ ಹಾಕಿಸಿಕೊಂಡೇ ತಿನ್ನಿ.

ಹೋದ ತಿಂಗಳು ಚನ್ನಗಿರಿ ಅತ್ತೆಯ ಮೊಮ್ಮಗಳು ಗಂಡನ ಜೊತೆ ಮನೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಕೆಲಸ. ಸೆಟ್ ದೋಸೆ ಮಾಡಿದ್ದೆ. ಚಟ್ನಿ ಅವ್ವನದು, ಪುಟಾಣಿ ಶೇಂಗಾದ್ದು. ತೆಂಗಿನಕಾಯಿ ಮನೆಯಲ್ಲಿ ಎರಡು ಇತ್ತು, ಹಾಕಬೇಕು ಅಂತ ನೆನಪೇ ಆಗಿರಲಿಲ್ಲ. ಹುಡುಗಿ ಎರಡನೇ ಸಲ ಬಡಿಸಿಕೊಂಡು, "ಚಿಕ್ಕಮ್ಮಾ, ಕಾಯಿ ಇಲ್ವಾ ಇದರಲ್ಲಿ? ತುಂಬ ಲೈಟಾಗಿದೆ, ಪ್ರೋಟೀನೂ ಇದೆ. ಅಳತೆ ಹೇಳಿ, ಬರ್ಕೋತೀನಿ" ಅಂತ ಫೋನು ತೆಗೆದಳು.

ನಾನು ಅವ್ವನ ಕಡೆ ಕೈ ತೋರಿಸಿದೆ. ಅವ್ವ ಅಳತೆ ಹೇಳಿದಳು. ಒಂದು ಹಿಡಿ, ಅರ್ಧ ಹಿಡಿ, ಗೋಲಿಯಷ್ಟು. "ಹಿಡಿ ಅಂದ್ರೆ ಎಷ್ಟು ಗ್ರಾಂ ಅಜ್ಜಿ?" ಅಂತ ಹುಡುಗಿ ಕೇಳಿದಳು. ಅವ್ವ ತನ್ನ ಕೈ ಮುಂದೆ ಚಾಚಿ ತೋರಿಸಿದಳು. ಎಪ್ಪತ್ತನಾಲ್ಕು ವರ್ಷದ ಕೈ, ಈಗ ಅದು ಮೊದಲಿನಷ್ಟು ಹಿಡಿಯುವುದೂ ಇಲ್ಲ. ಹುಡುಗಿ ಅದರ ಫೋಟೋ ತೆಗೆದುಕೊಂಡಳು.

ಅವರು ಹೋದ ಮೇಲೆ ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ರಾತ್ರಿ ಪಾತ್ರೆ ತೊಳೆದು ಬಂದು ಪಕ್ಕ ಕೂತಾಗ ಕೇಳಿದಳು.

"ಅವತ್ತು ಮೂಲೆಮನೆ ದೊಡ್ಡವ್ವನ ಹತ್ರ ಅರ್ಧ ಹೋಳು ಕಾಯಿ ಇಸ್ಕೊಂಡು ಬಂದಿದ್ದೆಲ್ಲ. ಅದನ್ನ ತಿರುಗಿ ಕೊಟ್ವೇನೇ?"